ಮೆಟ್ಟಿಲಿಗೊಂದು ನೂಲು

ಜೇಬಿನಲ್ಲಿ ಹೊಸ ಕ್ಯಾಲ್ಕುಲೇಟರ್ ಇದ್ದರೆ ಆ ಕಾಲದಲ್ಲಿ ಓವರ್‌ಸಿಯರನಿಗೆ ಎರಡು ಕೊಂಬು ಬರುತ್ತಿದ್ದವು. ನನಗೂ ಬಂದಿದ್ದವು. ಗುಬ್ಬಿಯಲ್ಲಿ ಒಂದು ಮನೆ ಕೆಲಸ, ಗಾರೆ ಮೇಸ್ತ್ರಿ ಕೆಂಚಯ್ಯ. ನೆಲದಿಂದ ತಾರಸಿಗೆ ಹತ್ತು ಅಡಿ ಎರಡು ಇಂಚು, ಅದಕ್ಕೆ ಹದಿನಾರು ಮೆಟ್ಟಿಲು. ಗುಂಡಿ ಒತ್ತಿ, "ಒಂದೊಂದೂ ಏಳು ಪಾಯಿಂಟ್ ಆರು ಎರಡು ಐದು ಇಂಚು ಎತ್ತರ" ಎಂದೆ.

ಕೆಂಚಯ್ಯ ಟೇಪನ್ನು ನನ್ನ ಮೂಗಿನ ಮುಂದೆ ಹಿಡಿದರು. "ಇದ್ರಲ್ಲಿ ಇಂಚಿಗೆ ಎಂಟು ನೂಲವೆ ಸ್ವಾಮಿ. ನಿಮ್ ಪಾಯಿಂಟು ಎಲ್ಲೈತೆ ತೋರ್ಸಿ."

ಹುಡುಕಿದೆ, ಸಿಗಲಿಲ್ಲ. ಸಿಟ್ಟು ಬಂತು. "ಏಳೂವರೆ ಹಾಕಿ ಬಿಡಿ, ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ" ಎಂದವನೇ ತುಮಕೂರಿನ ಬಸ್ಸು ಹತ್ತಿದೆ.

ಮುಂದಿನ ವಾರ ಬಂದು ಅಳೆದರೆ ಪ್ರತಿ ಮೆಟ್ಟಿಲೂ ಏಳೂವರೆ ದಾಟಿದೆ!

"ನಾನು ಹೇಳಿದ್ದೇನು, ನೀವು ಮಾಡಿದ್ದೇನು?"

"ಏಳೂವರೆ ನಿಮ್ದೇ ಸ್ವಾಮಿ. ಮ್ಯಾಲೊಂದು ನೂಲು ನಂದು. ಹದಿನಾರು ನೂಲು ಸೇರಿದ್ರೆ ಎರಡಿಂಚು. ಅದ್ ಬುಟ್ಟಿದ್ರೆ ಕೊನೇ ಮೆಟ್ಲಲ್ಲಿ ಮನೆಯಮ್ಮ ಎಡವಿ ನನ್ನೇ ಬೈಯೋರು, ನಿಮ್ಮನ್ನಲ್ಲ."

ಆ ಮೆಟ್ಟಿಲಿನ ಲೆಕ್ಕದಲ್ಲಿ ಹತ್ತು ಅಡಿ ನನ್ನದು, ಎರಡಿಂಚು ಕೆಂಚಯ್ಯನವರದು. ಜನರನ್ನು ಎಡವದಂತೆ ತಾರಸಿಗೆ ಮುಟ್ಟಿಸಿದ್ದು ಮಾತ್ರ ಆ ಎರಡಿಂಚೇ.