ಅಕ್ಕಗ ಅಡ್ಡಾಡು ಅಂದಿದ್ರು

ಕುತ್ತಿಗಿಂದ ಶುರು ಮಾಡತೇನಿ. ನಮ್ಮಕ್ಕನ ಕುತ್ತಿಗಿ ಹಿಂದ, ಜಡಿ ಕೆಳಗ, ಕರ್ರಗ ದಪ್ಪನ ಪಟ್ಟಿ ಆಗಿತ್ತು. ಆಗ ಅಕಿಗಿ ಹದಿನೈದು, ಅಕಿ ತಂಗಿ ನನಗ ಹದಿಮೂರು. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಅದು ಹೊಲಸಂತ ತಿಳದು ಅಕ್ಕನ್ನ ಬಚ್ಚಲದಾಗ ಕುಂಡ್ರಿಸಿ ಕಲ್ಲಿನಿಂದ ತಿಕ್ಕತಿದ್ದಳು. ಚರ್ಮ ಕೆಂಪಾಗತಿತ್ತು, ಕರಿ ಹೋಗತಿರಲಿಲ್ಲ. "ಮೈ ತೊಳ್ಕೊಳ್ಳಾಕೂ ಬ್ಯಾಸರೇನ ನಿಂಗ?" ಅಂತ ಬೈತಿದ್ದಳು. ಅಕ್ಕ ತಲಿ ಬಗ್ಗಿಸಿ ಜಡಿ ಮ್ಯಾಲೆತ್ತಿ ಹಿಡೀತಿದ್ದಳು.

ಅದು ಹೊಲಸಲ್ಲ, ಮೈ ದಪ್ಪಾಗಿ ಒಳಗಿನ ಸಕ್ಕರಿ ಹದಾ ತಪ್ಪೋ ಮುಂದ ಕೆಲವ್ರಿಗಿ ಚರ್ಮ ಹಂಗಾಗತದ ಅಂತ ನನಗ ಗೊತ್ತಾಗಿದ್ದು ಎಷ್ಟೋ ವರ್ಷಾದ ಮ್ಯಾಲ, ಆಳಂದದ ರದ್ದಿ ಅಂಗಡ್ಯಾಗ ಸಿಕ್ಕ ಒಂದು ಪುಸ್ತಕದಾಗ. ಅಂಗಡಿ ಮುಂದ ನಿಂತೇ ಓದಿನಿ. ನಾ ಡಾಕ್ಟರ್ ಅಲ್ರಿ, ಸಾಲಿ ಕಲ್ತಿದ್ದೂ ಅಷ್ಟಕ್ಕಷ್ಟ. ಆದ್ರ ಅವತ್ತಿನಿಂದ ಈ ವಿಷಯದಾಗ ಏನ್ ಸಿಕ್ರೂ ಬಿಡದಂಗ ಓದತೇನಿ.

ನಮ್ಮೂರು ಮಣ್ಣೂರ, ಭೀಮಾ ಹೊಳಿ ದಂಡಿ ಮ್ಯಾಲ. ಅಕ್ಕ ಮೊದಲ ಹಿಂಗಿರಲಿಲ್ಲ. ದಿನಾ ನಾಕ್ ಸರ್ತಿ ಕೊಡ ಹೊತ್ತು ಹೊಳಿಯಿಂದ ದಿನ್ನಿ ಏರತಿದ್ದಳು, ನನ್ನ ಹಿಂದ ಬಿಟ್ಟು. ದೊಡ್ಡಾಕಿ ಆದಮ್ಯಾಲ ಸಾಲಿ ಬಂದ್, ಹೊಳಿ ಬಂದ್. ಕೊಬ್ಬರಿ, ಉತ್ತತ್ತಿ, ಅಂಟಿನುಂಡಿ, ತುಪ್ಪ ಇಷ್ಟೇ ಚಾಲೂ. ಕೆಲವು ದಿನದ ಆರೈಕಿ ಎರಡು ವರ್ಷ ನಡೀತು. ಮೈಕೈ ತುಂಬಿದ್ರ ಕನ್ಯಾ ನೋಡಾಕ ಬಂದವರು ಜಲ್ದಿ ಒಪ್ಪತಾರ ಅಂತ ಆಯಿ ನಂಬಿದ್ದಳು.

ಆಮ್ಯಾಲ ಅಕ್ಕಗ ನೀರಡಿಕಿ ಹತ್ತಿತು. ಎಷ್ಟು ಕುಡಿದ್ರೂ ಹೋಗವಲ್ಲದು. ಎದ್ರ ದಣಿವು, ಕುಂತ್ರ ನಿದ್ದಿ. ಅವ್ವ ಹೆದರಿ ನಮ್ಮಿಬ್ರನ್ನೂ ಕರ್ಕೊಂಡು ಬಸ್ ಹತ್ತಿ ಅಫಜಲಪುರ ದವಾಖಾನಿಗಿ ಹೋದಳು. ಡಾಕ್ಟರು ರಕ್ತ ತಪಾಸ ಮಾಡಿ, "ಸಕ್ಕರಿ ಬ್ಯಾನಿ ಹೊಸ್ತಲದಾಗ ಬಂದು ನಿಂತದವ್ವಾ, ಇನ್ನಾ ಒಳಗ ಬಂದಿಲ್ಲ" ಅಂದ್ರು. "ಈಗ ಗುಳಿಗಿ ಬ್ಯಾಡ. ಸಕ್ಕರಿ ಬಿಡಸ್ರಿ, ದಿನಾ ಒಂದು ತಾಸು ಅಡ್ಡಾಡಸ್ರಿ. ವರ್ಷ ಬಿಟ್ಟು ನೋಡೂಣು."

ಅಡ್ಡಾಡಸ್ರಿ. ಅದೇ ಮಾತು ನಮ್ಮನಿಗಿ ಜೀರ್ಣ ಆಗಲಿಲ್ಲ. ನಮ್ಮ ಕಡಿ ಗಂಡಸು ಅಡ್ಡಾಡಿದ್ರ ಬರೇ ನಡದಂಗ. ಹುಡುಗಿಗಿ 'ಅಡ್ಡಾಡಾಕಿ' ಅಂದ್ರ ನಡತಿ ಸರಿ ಇಲ್ಲದಾಕಿ ಅಂತ.

ಆಯಿ ರೊಟ್ಟಿ ಬಡಿಯೋದು ನಿಲ್ಲಿಸಿದಳು. "ಯಾವಾಕಿ ಅಡ್ಡಾಡಾಕಿ? ನನ್ನ ಮೊಮ್ಮಗಳೇನ? ಆ ಡಾಕ್ಟರನ ಬಾಯಾಗ ಮಣ್ಣ ಹಾಕ!"

"ನಡೀಲಿ ಅಂದಾರ್ರಿ ಅತ್ತಿ," ಅಂದಳು ಅವ್ವ.

"ಖಾಲಿ ಕೈ ಬೀಸ್ಕೋತ ಹೋದ್ರ ಮಂದಿ ಏನಂತಾರ?"

"ಹಂಗಾರ ಕೊಡ ಹೊತ್ಕೊಂಡು ಹೋಗಲಿ."

"ಲಗ್ನಕ್ಕ ಬಂದ ಹುಡುಗಿ ಕಡಿಂದ ನೀರ ಹೊರಸ್ತಾರ ಅಂತಾರ!"

ಸಕ್ಕರಿ ಮಾತಷ್ಟೇ ಆಯಿ ಪಾಲಿಸಿದಳು. ಅಕ್ಕನ ಚಾದಾಗ ಸಕ್ಕರಿ ಬಂದ್ ಮಾಡಿ ಬೆಲ್ಲ ಹಾಕಿದಳು, ಎರಡರಷ್ಟು.

ಅಕ್ಕ ಮಾಳಗಿ ಹತ್ತಿ ಅಲ್ಲೇ ಸುತ್ತು ಹಾಕಾಕತ್ತಿದಳು. ನಮ್ಮದು ಮಣ್ಣಿನ ಮಾಳಗಿ. ಆಯಿ ನಾದಿಟ್ಟ ಹಿಟ್ಟಿನಾಗ ಮಣ್ಣು ಉದುರಿತು. "ಇಳೀ ಬೇ, ಮನಿ ಕೆಡವತಿ!" ಅಕ್ಕ ಇಳದಳು.

ಕಡೀಕ ಅವ್ವನೇ ದಾರಿ ಹುಡುಕಿದಳು. ಹೊಲದಾಗಿದ್ದ ಅಪ್ಪಗ ಮುಂಜಾನಿ ಬುತ್ತಿ ಒಯ್ಯೋದು. ಕೈಯಾಗ ಕೆಲಸ ಅದ, ಮಂದಿ ಏನೂ ಅನ್ನಂಗಿಲ್ಲ. ನಾ ಜೋಡಿ ಹೋಗೋದಾದ್ರ ಅಷ್ಟೇ ಅಂತ ಆಯಿ ಒಪ್ಪಿದಳು. ಹೋಗಿ ಬರಾಕ ಒಂದು ತಾಸು. ಮೊದಲ ದಿನ ಅಕ್ಕ ಎರಡು ಕಡಿ ಕುಂತು ಸುಧಾರಿಸ್ಕೊಂಡಳು. ಹತ್ತು ದಿನ ಆಗೂದ್ರಾಗ ಒಂದು ಕಡಿ ಸೈತ ಕುಂಡ್ರದಂಗ ಹೋದಳು. "ನೋಡಬೇ, ಏದುಸಿರು ಬರಲಿಲ್ಲ!" ಅಂತ ನನ್ನ ಭುಜ ಗುದ್ದಿದಳು.

ಮರುದಿನ ಹೊಳಿ ದಾರ್ಯಾಗ ನನ್ನ ಸಾಲಿ ಹುಡುಗ್ಯಾರು ಅರಬಿ ಒಗ್ಯಾಕ ಹೊಂಟಿದ್ರು. ಒಬ್ಬಾಕಿ ನನಗ ಅಂದಳು, "ಏನಬೇ, ಮುಂಜಾನೆದ್ದು ಎಮ್ಮಿ ಹೊಡಕೊಂಡು ಹೊಂಟಿ? ಎಷ್ಟು ಹಾಲು ಕೊಡತದ?"

ಎಲ್ಲಾರೂ ನಕ್ರು. ನಾನೂ ನಕ್ಕೊಂತ ಅಂದ್ನಿ, "ಇನ್ನಾ ಈದಿಲ್ಲಬೇ."

ಅಕ್ಕ ಎರಡು ಹೆಜ್ಜಿ ಮುಂದಿದ್ದಳು. ತಿರುಗಿ ನೋಡಲಿಲ್ಲ. ತಲಿ ಮ್ಯಾಲಿನ ಬುತ್ತಿ ಸರಿ ಮಾಡ್ಕೊಂಡು ನಡದಳು.

ಮರುದಿನ ಹೊಟ್ಟಿ ನೋವು ಅಂತ ನಾ ಮಲಗಿದ್ನಿ. ಅದರ ಮರುದಿನ ಪರೀಕ್ಷಾ ಅಂದ್ನಿ. ಅಕ್ಕನ್ನ ಒಬ್ಬಾಕಿನ್ನ ಬಿಡಂಗಿಲ್ಲಲ್ಲ, ಬುತ್ತಿ ಆಳಮನುಷ್ಯಾ ಒಯ್ಯಾಕತ್ತಿದ. ಅಕ್ಕ ನನಗ ಒಂದು ಸಲನೂ 'ಬಾ' ಅನ್ನಲಿಲ್ಲ. ಅಂದಿದ್ರ ಹೋಗತಿದ್ನೇನೋ. ಹೋಗತಿದ್ದಿಲ್ಲೇನೋ.

ವರ್ಷಾದ ಮ್ಯಾಲ ಮತ್ತ ಅದೇ ಡಾಕ್ಟರ ಮುಂದ ಕುಂತಿವಿ. ಅವ್ವ ಹೊರಗ ಚೀಟಿ ಮಾಡಸಾಕ ನಿಂತಿದ್ದಳು. ಸಕ್ಕರಿ ಪೂರಾ ಏರಿತ್ತು. ಡಾಕ್ಟರು ಹುಬ್ಬು ಗಂಟು ಹಾಕಿ, "ಅಡ್ಡಾಡಿದ್ಯೇನವ್ವಾ?" ಅಂತ ಕೇಳಿದ್ರು.

"ಹೌದ್ರಿ," ಅಂದಳು ಅಕ್ಕ. "ದಿನಾ ಅಡ್ಡಾಡೇವ್ರಿ. ನನ್ನ ತಂಗಿ ಒಂದು ದಿನಾನೂ ತಪ್ಪಿಸಿಲ್ರಿ."

"ಅಡ್ಡಾಡಿದ್ರೂ ಏರಿದ್ರ ಗುಳಿಗಿನೇ ಗತಿ," ಅಂದು ಅವರು ಬರ್ಯಾಕತ್ತಿದ್ರು. ನಾ ಒಂದು ಖರೆ ಮಾತು ಆಡಿದ್ರ ಆ ಪೆನ್ನು ನಿಲ್ಲತಿತ್ತು. ನಾ ಗ್ವಾಡಿ ನೋಡಕೋತ ಕುಂತ್ನಿ.

ಹೊರಗ ಬಂದಮ್ಯಾಲ ಗುಳಿಗಿ ಪುಡಕಿ ನಾ ಹಿಡ್ಕೊಳ್ಳಾಕ ಕೈ ಚಾಚಿದ್ನಿ. ಅಕ್ಕ ಕೊಡಲಿಲ್ಲ.

"ಇರಲಿ ಬಿಡು," ಅಂದಳು. "ಇದು ನಂದದ."