ಯಾವ ಹುನ್ನೂರಂತ ಕೇಳೂ ಕಂಟ್ರೋಲರ್

ಕಂಟ್ರೋಲರ್ ಸಾಹೇಬ್ರ ಬಲಗೈ ತೋರಬೆರಳು ತುದೀಗೆ ಸೊಟ್ಟಾಗಿತ್ತು. ಬಾಗಲದಾಗ ಸಿಕ್ಕು ಮುರದದ್ದದು. ಆದ್ರ ಮುಧೋಳ, ಬೀಳಗಿ, ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಜಲ್ಮಪೂರ್ತಿ 'ಆ ಬಸ್ಸು, ಈ ಬಸ್ಸು' ಅಂತ ತೋರ್ಸಿ ತೋರ್ಸಿ ಹಂಗಾತಂತ ನಾನು ಸುದ್ದಿ ಹಬ್ಬಿಸಿದ್ದೆ. ಮಂದಿ ಅದನ್ನ ನಂಬಿದ್ರು. ನಾನು ಹೇಳಿದ ಸುಳ್ಳು ಯಾವತ್ತೂ ಹಂಗs, ಖರೇಕ್ಕಿಂತ ಛಲೋ ಇರ್ತೈತಿ.

ರಿಟೈರ್ ಆದಮ್ಯಾಲ ಸಾಹೇಬ್ರು ಆ ಸೊಟ್ಟ ಬೆರಳಲೆ ಮೊಬೈಲ್ ಕುಟಗೋತ ಇಂಟರ್ನೆಟ್ಟಿನ ವಿಶ್ವಕೋಶ ತಿದ್ದಾಕ ಕುಂತ್ರು. ಯಾರ ಬೇಕಾದ್ರೂ ಬರೀಬೌದು, ಯಾರ ಬೇಕಾದ್ರೂ ಅಳಸಬೌದು, ಅಂಥಾದ್ದು. ಅದರಾಗ ಒಂದೊಂದು ಹೆಸರು ಟೈಪ್ ಬಡದ್ರ ಸೀದಾ ಮತ್ತೊಂದು ಪುಟಕ್ಕ ಒಯ್ದು ಬಿಡ್ತೈತಿ. ಅಲ್ಲಿ ಮಂದಿ ಅದಕ್ಕ ಪುನರ್ನಿರ್ದೇಶನ ಅಂತಾರ. ಸಾಹೇಬ್ರು 'ಬಸ್ ಹತ್ತಸೂದು' ಅಂತಿದ್ರು. ಒಂದ ಹೆಸರಿನ ಎರಡು ಊರಿದ್ರ ತಾವs ತಿಳಕೊಂಡು ಯಾವ ಊರಿಗೂ ಕಳಸ್ತಿರಲಿಲ್ಲ. ನಡಕ ಒಂದು ಪುಟ ಇಟ್ಟು, ಎರಡೂ ಊರು ಬರದು, ಯಾವುದು ಬೇಕು ಆರಿಸ್ಕೋರಿ ಅಂತ ಬಿಡ್ತಿದ್ರು. ಹುನ್ನೂರಕ್ಕೂ ಹಂಗs ಮಾಡಿದ್ರು: ಜಮಖಂಡಿ ತಾಲೂಕಿಂದು ಒಂದು, ಗಡಿ ಆಚೆ ಮಂಗಳವೇಢಾ ಕಡೀದು ಒಂದು.

ನಾನು ಜಮಖಂಡಿ ಕಡೀ ಹುನ್ನೂರದಾವ. ಕಿಡಗೇಡಿತನದಾಗ ಈ ನಾಕ ತಾಲೂಕಿನ್ಯಾಗ ನನ್ನ ಸರೀಕರಿಲ್ಲ. ಮದವಿ ಮನ್ಯಾಗ ಬೀಗರ ಚಪ್ಪಲಿ ಎಲ್ಲಾ ಬೇವಿನ ಗಿಡಕ್ಕ ಕಟ್ಟಿದಾವ ನಾನು. ಒಂದಿನ ಆ ನಡಕಿನ ಪುಟ ಕಿತ್ತಿ, ಹುನ್ನೂರ ಅಂತ ಬಡದ್ರ ಸೀದಾ ನಮ್ಮೂರಿಗೇ ಬರೂವಂಗ ಮಾಡಿ, 'ಉಳದ ಹುನ್ನೂರ ಡುಪ್ಲಿಕೇಟ್' ಅಂತ ಬರದೆ. ಚಾದ ಅಂಗಡ್ಯಾಗ ಎಲ್ಲಾರಿಗೂ ತೋರ್ಸಿ ಹೊಟ್ಟಿ ಹಿಡಕೊಂಡು ನಕ್ಕೆ.

ಮರುದಿನ ಸಾಹೇಬ್ರು ನಮ್ಮ ಕಟ್ಟೀಗೆ ಬಂದು ಕುಂತ್ರು. ಬೈತಾರಂತ ಖುಷೀಲೆ ಕಾದಿದ್ದೆ. ಬೈಲಿಲ್ಲ, ಹಳೇ ಮಾತು ತಗದ್ರು. ನೌಕರಿ ಹೊಸದಿದ್ದಾಗ ಕಂಬಳಿ ಹೊತ್ತ ಕುರಿ ಕಾಯೂ ಮುದುಕ ಒಬ್ಬಾವ ಬಂದು ಹುನ್ನೂರ ಬಸ್ ಯಾವುದಂತ ಕೇಳಿದ್ನಂತ. ಇವರು ಮಾರಿ ಎತ್ತದs ನಮ್ಮೂರ ಬಸ್ ತೋರ್ಸಿದ್ರು. ಮುದುಕ ಹೋಗಬೇಕಾದ್ದು ಮಂಗಳವೇಢಾ ಕಡೀದಕ್ಕ. ಅಲ್ಲಿ ಅವನ ತಂಗಿ ಹಾಸಿಗಿ ಹಿಡದಿದ್ಲು. ನಮ್ಮೂರಾಗ ಇಳದು, ಹೊಳ್ಳಿ ಬಂದು, ಅಲ್ಲಿ ಮುಟ್ಟೂದರಾಗ ತಂಗೀನ ಮಣ್ಣ ಮಾಡಿದ್ರು. ಎಂಟ ದಿನ ಬಿಟ್ಟು ಮುದುಕ ಮತ್ತ ಸ್ಟ್ಯಾಂಡಿಗೆ ಬಂದ. ಜಗಳ ತಗೀಲಿಲ್ಲ.

"ಯಪ್ಪಾ, ಯಾವ ಹುನ್ನೂರಂತ ಒಂದ ಮಾತ ಕೇಳಿದ್ರ ಆಗ್ತಿತ್ತಲ್ರಿ," ಅಂದ್ನಂತ.

ಸಾಹೇಬ್ರು ಕೈ ಮುಂದ ಮಾಡಿದ್ರು. "ಇದs ಬೆರಳಲೆ ತೋರ್ಸಿದ್ದಲೇ. ನಿನಗದು ನಗೀ ಮಾತು. ನನಗ ಇದನ್ನ ನೋಡಿದ್ರ ಹೇಸಿಗಿ ಬರ್ತೈತಿ."

ಅವರ ಮುಂದs ನಡಕಿನ ಪುಟ ತಿರಗಿ ಹಾಕಿದೆ. ಬೆರಳಿನ ಸುದ್ದಿ ಮತ್ತ ಯಾರ ಮುಂದೂ ಹೇಳಲಿಲ್ಲ.

ಹೋದ ವರ್ಷ ಸಾಹೇಬ್ರು ತೀರಕೊಂಡ್ರು. ಹದಿನೈದು ದಿನ ಆಗಿರಲಿಲ್ಲ, ಯಾವನೋ ಒಬ್ಬ ಶಾಣ್ಯಾ ಆ ಪುಟ ಕಿತ್ತಿ, ಹೆಚ್ಚ ಮಂದಿ ಹುಡುಕೂದು ಇದನ್ನs ಅಂತ ಸೀದಾ ಒಂದು ಊರಿಗೆ ತಿರುವಿದ. ಯಾವ ಊರಿಗೆ? ನಮ್ಮೂರಿಗೇ. ಹಿಂದಕಾಗಿದ್ರ ಪೇಢೆ ಹಂಚ್ತಿದ್ದೆ. ಈಗ ಮೈಯೆಲ್ಲಾ ಹೇಸಿಗಿ ಆತು. ತಿರಗಿ ಹಾಕಿದೆ. ಆಂವ ಮತ್ತ ಕಿತ್ತಿ ಕೆಳಗ ಬರದ: 'ಈ ಸದಸ್ಯರು ಹಿಂದೆಯೂ ಈ ಪುಟವನ್ನು ಕೆಡಿಸಿದ್ದಾರೆ.'

ಖರೇನs. ನಾ ಬರದ ಡುಪ್ಲಿಕೇಟ್ ಮಾತು ಅಲ್ಲಿ ಹಳೇ ದಾಖಲ್ಯಾಗ ಇನ್ನೂ ಕುಂತೈತಿ, ಅಳಸಾಕ ಬರೂದಿಲ್ಲ. ನನ್ನ ಸುಳ್ಳೆಲ್ಲಾ ನಂಬಿದ ಮಂದಿ, ಒಂದ ಖರೆ ಕೆಲಸ ಮಾಡಿದ್ರ ನಂಬವಲ್ರು. ಚರ್ಚಾ ಪುಟದಾಗ ಮುದುಕನ ಕತಿ ಎಲ್ಲಾ ಬರದು, ನನ್ನ ನಂಬಬ್ಯಾಡ್ರಿ, ಕಂಟ್ರೋಲರ್ ಸಾಹೇಬ್ರನ್ನ ನಂಬ್ರಿ ಅಂದೆ. ನಾನು ನಡಕಿನ ಪುಟ ಹಾಕೂದು, ಆಂವ ಕೀಳೂದು ನಡದs ಐತಿ.

ದಿನಾ ಮುಂಜಾನೆ ಚಾ ಕುಡಿಯೂದಕ್ಕಿಂತ ಮೊದಲ ಹೆಸರು ಬಡದು ನೋಡ್ತೇನಿ. ಸೀದಾ ನಮ್ಮೂರs ತೆರಕೊಂಡ್ರ, ಆ ಮುದುಕ ಕಂಬಳಿ ಹೊತ್ತು ನಮ್ಮೂರ ಸ್ಟಾಪಿನ್ಯಾಗ ಇಳದು, ತಂಗಿ ಮನಿ ಯಾವುದ್ರೀ ಅಂತ ಕೇಳಾಕತ್ತಂಗ ಆಗ್ತೈತಿ. ನಡಕಿನ ಪುಟ ಮತ್ತ ಹಾಕ್ತೇನಿ.