ವಾಸನೆಯಿಲ್ಲದ ಪೌಡರಿನ ಗುತ್ತೆವ್ವ

ದುಂಡಸಿಯಿಂದ ಸವಣೂರಿಗೆ ಸೊಸೆಯಾಗಿ ಬಂದ ಗುತ್ತೆವ್ವನಿಗೆ ಮಾತು ಹುಟ್ಟುಗುಣ. ಅವಳ ಗಂಡ ಗುಡ್ಡಪ್ಪನದು ಹೆಣ್ಣುಮಕ್ಕಳ ಸಾಮಾನಿನ ವ್ಯಾಪಾರ. ಮುಖಕ್ಕೆ ಹಚ್ಚುವ ಸ್ನೋ, ಪೌಡರು, ಕುಂಕುಮ, ಜಡೆಯ ಟೇಪು, ಸೋಪು, ತಲೆಗೆ ಹಚ್ಚುವ ಬಣ್ಣದೆಣ್ಣೆ ಎಲ್ಲವನ್ನೂ ಟ್ರಂಕುಗಳಲ್ಲಿ ತುಂಬಿ, ಸವಣೂರಿನ ಸಂತೆಯಲ್ಲಿಯೂ, ಬಸ್ಸಿನ ಮೇಲೆ ಹೇರಿಕೊಂಡು ಹೋಗಿ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಸಂತೆಗಳಲ್ಲಿಯೂ ತಾಡಪತ್ರಿ ಹಾಸುತ್ತಿದ್ದರು. ಗಂಡಸು ಕುಳಿತ ಅಂಗಡಿಯ ಮುಂದೆ ನಿಂತು ಸ್ನೋ ಕೇಳಲು ಆ ಕಾಲದ ಹೆಂಗಸರಿಗೆ ನಾಚಿಕೆ. ಆದ್ದರಿಂದ ಮುಂದೆ ಕೂಡುತ್ತಿದ್ದವಳು ಗುಡ್ಡಪ್ಪನ ತಾಯಿ ಉಡಚವ್ವ. ಎಪ್ಪತ್ತಾರನೆಯ ಇಸವಿಯಲ್ಲಿ ಗುಡ್ಡಪ್ಪ ಗುತ್ತೆವ್ವರ ಮದುವೆಯಾಯಿತು. ಉಡಚವ್ವ ಸೊಸೆಯನ್ನು ಮಗ್ಗುಲಲ್ಲಿ ಕೂಡಿಸಿಕೊಂಡು, "ಇನ್ನ ನೀ ಮಾರವ್ವಾ, ನಾ ಎಲಿ ಅಡಕಿ ಹಾಕ್ಕೊಂಡು ನೋಡ್ಕೋಂತ ಕುಂದರ್ತೇನಿ" ಎಂದಳು.

ಗುತ್ತೆವ್ವನಿಗೆ ಇನ್ನೇನು ಬೇಕು? ಕೊಳ್ಳಲು ಬಂದವರನ್ನೂ ಬರಿದೆ ನೋಡಲು ಬಂದವರನ್ನೂ ಒಂದೇ ಅಕ್ಕರೆಯಿಂದ ಮಾತನಾಡಿಸಿ, ತನ್ನ ಕೆನ್ನೆಗೆ ಸ್ನೋ ಹಚ್ಚಿ ತೋರಿಸಿ, ಬಂದವರ ಕೈಗೆ ಡಬ್ಬಿ ಕೊಟ್ಟೇ ಕಳುಹುತ್ತಿದ್ದಳು. ಆದರೆ ಈ ಸುಖ ಬಹಳ ದಿನ ಉಳಿಯಲಿಲ್ಲ. ಮೊದಲು ಕೆನ್ನೆ ಉರಿಯಿತು. ಆಮೇಲೆ ಕೊರಳು, ಕಣ್ಣಿನ ರೆಪ್ಪೆಗಳು ಕೆಂಪಾಗಿ ದದ್ದೆದ್ದವು. ತುರಿಸಿದಲ್ಲೆಲ್ಲ ನೀರೊಡೆಯಿತು.

"ಯಾರ ಕಣ್ಣ ಬಿತ್ತೋ ಏನೋ" ಎಂದು ಉಡಚವ್ವ ದೃಷ್ಟಿ ತೆಗೆದಳು. ಗಂಧ ತೇಯ್ದು ಮುಖಕ್ಕೆಲ್ಲ ಬಳಿದಳು, ಗುಲಾಬಿ ನೀರಿನಲ್ಲಿ ಅರಿವೆ ಅದ್ದಿ ಕಣ್ಣಿನ ಮೇಲೆ ಇಟ್ಟಳು. ಅದಕ್ಕೂ ಬಗ್ಗದಿದ್ದಾಗ ಟ್ರಂಕಿನ ತಳದಿಂದ ಒಂದು ಡಬ್ಬಿ ಹೊರತೆಗೆದು, "ತಡಿ, ಅಂಗಡ್ಯಾಗಿಂದು ತುಟ್ಟಿ ಸ್ನೋ ಹಚ್ತೇನಿ. ಮಂದಿಗೆ ಮಾರಿ ಹೆಸರ ಮಾಡೂದಲ್ಲ, ಮನಿ ಸೊಸಿಗೂ ಹಚ್ಚಬೇಕು" ಎಂದಳು. ಅತ್ತೆಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಅದು ಕಳ್ಳನ ಕೈಗೇ ಕೀಲಿ ಕೊಟ್ಟಂತಾಯಿತು. ಎಷ್ಟೆಷ್ಟು ಹಚ್ಚಿದಳೋ ಅಷ್ಟಷ್ಟು ಉಬ್ಬಿತು.

ಹಾನಗಲ್ಲ ಸಂತೆಯಲ್ಲಿ ಒಬ್ಬ ಹೆಂಗಸು ಡಬ್ಬಿಯನ್ನು ಕೈಯಲ್ಲಿ ಹಿಡಿದು, ಗುತ್ತೆವ್ವನ ಮುಖವನ್ನು ನೋಡಿ, "ಯವ್ವಾ, ನೀ ಹಚ್ಕೊಂಡಿದ್ದ ಮಾತ್ರ ಬ್ಯಾಡ ನನಗ. ಬ್ಯಾರೇದ ಇದ್ರ ಕೊಡು" ಎಂದಳು. ಸುತ್ತಲಿನವರು ಗೊಳ್ಳೆಂದು ನಕ್ಕರು. ಅಂದಿನಿಂದ ಗುತ್ತೆವ್ವ ಮನೆಯಲ್ಲಿಯೇ ಉಳಿದಳು; ದದ್ದು ಅಲ್ಲಿಯೂ ಬಿಡಲಿಲ್ಲ. ರೊಟ್ಟಿ ಬಡಿಯುವಾಗ, ನೀರು ತರುವಾಗ ಅವಳ ಮನಸ್ಸಿನಲ್ಲಿ ಇದ್ದುದು ಒಂದೇ ಆಸೆ: ಮತ್ತೆ ಆ ತಾಡಪತ್ರಿಯ ಮುಂದಿನ ಅಂಚಿನಲ್ಲಿ ಕೂಡಬೇಕು.

ಎರಡು ವರ್ಷದ ಮೇಲೆ ಉಡಚವ್ವ ಜ್ವರ ಬಂದು ತೀರಿಕೊಂಡಳು. ಸೂತಕದ ಮನೆ. ವ್ಯಾಪಾರ ಬಂದಾಯಿತು, ಟ್ರಂಕುಗಳಿಗೆ ಕೀಲಿ ಬಿತ್ತು. ಎಣ್ಣೆಯಿಲ್ಲ, ಪೌಡರಿಲ್ಲ, ಹೂವಿಲ್ಲ, ಸೋಪಿನ ಸ್ನಾನವೂ ಇಲ್ಲ. ಗುತ್ತೆವ್ವ ಅತ್ತೆಯನ್ನು ನೆನೆದು ನಿಜವಾಗಿಯೂ ಅತ್ತಳು. ಅಚ್ಚರಿಯೆಂದರೆ, ಅಳುತ್ತಿದ್ದ ಆ ಮುಖ ದಿನದಿನಕ್ಕೆ ತಿಳಿಯಾಗುತ್ತ ಬಂದಿತು. ದದ್ದು ಇಳಿಯಿತು, ತುರಿಕೆ ನಿಂತಿತು.

ಮಾತನಾಡಿಸಲು ಬಂದಿದ್ದ ನೆರೆಮನೆಯ ಅಡಿವೆವ್ವ ಇದನ್ನು ಬಿಟ್ಟಾಳೆಯೇ? ಬಾಗಿಲಲ್ಲಿಯೇ ನಿಂತು, "ನೋಡ್ರವ್ವಾ, ಅತ್ತಿ ಹ್ವಾದ ಮ್ಯಾಲ ಸೊಸಿ ಮಾರಿ ಹೆಂಗ ಬೆಳಗಾಕತ್ತೈತಿ! ಪಾಪ, ಮುದುಕಿ ಈಕಿನ್ನ ಎಷ್ಟ ಕಾಡಿದ್ಲೋ" ಎಂದಳು.

ಆ ಮಾತು ಗುತ್ತೆವ್ವನ ಎದೆಗೆ ಮುಳ್ಳಿನಂತೆ ನಟ್ಟಿತು. ಸೂತಕ ಕಳೆಯಿತು. ಸುವಾಸನೆಯ ಸೋಪಿನಿಂದ ತಲೆಗೆ ಎರೆದುಕೊಂಡು, ಎಣ್ಣೆ ಹಚ್ಚಿ, ಪೌಡರು ಹಾಕಿಕೊಂಡಳು. ಮರುದಿನವೇ ಮುಖ ಮತ್ತೆ ಹಣ್ಣು ಮೆಣಸಿನಕಾಯಿ! ಅಡಿವೆವ್ವ ಈಗ ಸಮಾಧಾನಗೊಂಡು, "ಹಾಂ, ಈಗ ದುಃಖ ಹೊರಗ ಬಿತ್ತು ನೋಡು" ಎಂದಳು.

ಗುತ್ತೆವ್ವ ಮಾತ್ರ ಬೇರೆಯೇ ಯೋಚಿಸಿದಳು. ದುಃಖ ಬಂದಾಗ ಇಳಿದದ್ದು, ದುಃಖ ಕಡಿಮೆಯಾದಾಗ ಏರಿತೇಕೆ? ದುಃಖದ ಜೊತೆಗೆ ಮನೆಯಿಂದ ಹೋದದ್ದೇನು, ತಿರುಗಿ ಬಂದದ್ದೇನು? ಅವಳು ನೆಟ್ಟಗೆ ದವಾಖಾನೆಯ ಡಾಕ್ಟರಬಾಯಿಯ ಬಳಿಗೆ ಹೋದಳು. ಅವರು ಎಲ್ಲವನ್ನೂ ಕೇಳಿ, "ನೀ ಎಲ್ಲಾ ಒಮ್ಮೆ ಹಚ್ಕೊಂಡ್ರ ಕಳ್ಳ ಯಾರಂತ ಹೆಂಗ ಗೊತ್ತಾಗಬೇಕು? ಮುಖಕ್ಕ ಮುಟ್ಟಿಸಬ್ಯಾಡ. ಮೊಣಕೈ ಮಡಚತೇವಲ್ಲಾ, ಅದರ ಒಳಮಗ್ಗಲಕ ಒಂದ ಸಾಮಾನು ಚೂರ ಹಚ್ಚು. ಎರಡ ಮೂರ ದಿನಾ ನೋಡು. ಅದು ಸುಮ್ಮನಿದ್ರ ಮುಂದಿಂದು" ಎಂದು ತಿಳಿಹೇಳಿದರು.

ಗುತ್ತೆವ್ವ ಹಾಗೆಯೇ ಮಾಡಿದಳು. ಗಾಣದ ಕೊಬ್ಬರಿ ಎಣ್ಣೆ ಸುಮ್ಮನಿತ್ತು. ಮಲ್ಲಿಗೆಯ ಸೆಂಟು ಹಾಕಿದ ಎಣ್ಣೆ ಕಡಿಯಿತು. ಮನೆಯಲ್ಲಿ ಬೀಸಿದ ಕಡಲೆಹಿಟ್ಟು ಸುಮ್ಮನಿತ್ತು, ಸುವಾಸನೆಯ ಸೋಪು ಕಡಿಯಿತು. ಅತ್ತೆ ಅಷ್ಟು ನಂಬಿದ್ದ ಗಂಧ, ಗುಲಾಬಿ ನೀರು ಕೂಡ ಕಡಿದವು. ಗಿಡದಿಂದ ಬಂದದ್ದೆಲ್ಲ ಮೈಗೆ ಒಳ್ಳೆಯದೆಂಬ ನಂಬಿಕೆ ಅಂದಿಗೆ ಬಿಟ್ಟುಹೋಯಿತು. ಮೂಗಿಗೆ ಹಿತವಾದದ್ದೇ ಅವಳ ಮೈಗೆ ವೈರಿ!

ಆದರೆ ಪೌಡರು? ವಾಸನೆಯಿಲ್ಲದ ಪೌಡರು ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಗಂಡನನ್ನು ಹೊರಡಿಸಿಕೊಂಡು ಯಲವಿಗಿಗೆ ಹೋಗಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದಳು. ಅಲ್ಲಿ ಹುಸೇನಸಾಬನೆಂಬವನು ಬಿಳಿಯ ಪುಡಿಯನ್ನು ಚೀಲಗಟ್ಟಲೆ ತರಿಸಿ, ಸೆಂಟು ಬೆರೆಸಿ, ಸಂತೆಯವರಿಗೆ ಸಗಟು ಮಾರುತ್ತಿದ್ದ.

"ಸೆಂಟ ಹಾಕೂಕಿಂತ ಮೊದಲ ಕೊಡ್ರಿ ನನಗ."

ಹುಸೇನಸಾಬ ನಕ್ಕುಬಿಟ್ಟ. "ವಾಸನಿ ಇಲ್ಲದ ಪೌಡರ ತಗೊಂಡ ಏನ ಮಾಡ್ತಿ ತಂಗಿ? ಕ್ಯಾರಮ್ ಬೋರ್ಡಿಗೆ ಹಾಕ್ತಿಯೇನು?"

"ನನ್ನ ಮಾರೀನ ಕ್ಯಾರಮ್ ಬೋರ್ಡ್ ಅಂತ ತಿಳೀರಿ. ನುಣ್ಣಗ ಆದ್ರ ಸಾಕು."

ಅವನು ಕೊಟ್ಟ ಪುಡಿಯನ್ನು ಗುಡ್ಡಪ್ಪ ಮೂಸಿದ, ಗುತ್ತೆವ್ವ ಮೂಸಿದಳು, ಏನೂ ವಾಸನೆಯಿಲ್ಲ. ಆದರೂ ಊರಿಗೆ ಬಂದು ಹಚ್ಚಿದರೆ ಮೊಣಕೈ ಕೆಂಪಾಯಿತು. "ಬಿಡ ಇನ್ನ, ಹಣೇಬರಾ" ಎಂದ ಗುಡ್ಡಪ್ಪ. ಅವಳು ಬಿಡಲಿಲ್ಲ. ಮುಂದಿನ ವಾರ ತಿರುಗಿ ಹೋಗಿ ನಿಂತು ನೋಡಿದಳು. ಸೆಂಟು ಬೆರೆಸಿದ ಬುಟ್ಟಿಯಲ್ಲಿಯೇ ಹುಸೇನಸಾಬ ಸಾದಾ ಪುಡಿಯನ್ನೂ ಅಳೆಯುತ್ತಿದ್ದ. ಆ ಘಮಘಮದ ನಡುವೆ ಮೂಗಿಗೆ ತಿಳಿಯದ್ದು ಮೊಣಕೈಗೆ ತಿಳಿದಿತ್ತು. "ಅಣ್ಣಾರ, ಹೊಸಾ ಚೀಲಾ ಬಿಚ್ರಿ, ಹೊಸಾ ಬುಟ್ಟಿ ತಗೋರಿ, ಮೊದಲ ಕೈ ತೊಳಕೋರಿ" ಎಂದು ಎದುರಿಗೆ ನಿಂತು ತುಂಬಿಸಿಕೊಂಡಳು. ಈ ಸಲ ಮೊಣಕೈ ಸುಮ್ಮನಿತ್ತು. ಕೊರಳು ಸುಮ್ಮನಿತ್ತು. ಕೊನೆಗೆ ಕೆನ್ನೆಯೂ ಸುಮ್ಮನಿತ್ತು.

ಮುಖ ತಿಳಿಯಾಯಿತೇನೋ ಸರಿ, ಆದರೆ ಡಬ್ಬಿಗಳಲ್ಲಿ ತುಂಬಿ ಸಂತೆಗೆ ಒಯ್ದರೆ ಆ ಪೌಡರನ್ನು ಕೇಳುವವರಿಲ್ಲ. "ಇದೇನ ರಂಗೋಲಿ ಪುಡಿಯೇನು?" ಎಂದು ಮೂಸಿ ಇಟ್ಟು ಹೋಗುತ್ತಿದ್ದರು. ಗುಡ್ಡಪ್ಪ, "ಮಂದಿ ವಾಸನಿ ಕೊಳ್ಳಾಕ ಬರ್ತಾರ, ನೀ ಹಿಂದ ಕುಂದರು, ನಾ ಮಾರ್ತೇನಿ" ಎಂದು, ಹೆಂಗಸರು ನಾಚಿದರೂ ಕೇಳದೆ, ತಾನೇ ಮುಂದೆ ಕುಳಿತುಬಿಟ್ಟ.

ಎಂಬತ್ತೊಂದರಲ್ಲಿ, ಗುತ್ತೆವ್ವನ ಮುಖ ತಿಳಿಯಾದ ಸುದ್ದಿ ಕೇಳಿ, ಅದೇ ಊರಿನ ಹಾಜರಾಬಿ ಮನೆಗೇ ಬಂದಳು. ಅವರದು ತಲೆತಲಾಂತರದ ಅತ್ತರಿನ ವ್ಯಾಪಾರ. ಮಗಳು ಅಖ್ತರುನ್ನೀಸಾಳ ಮದುವೆ ಹತ್ತಿರ ಬಂದಿತ್ತು. ಮದುಮಗಳ ಮೈಗೆ ಹಚ್ಚುವ, ಸುವಾಸನೆ ಬೆರೆಸಿದ ಅರಿಷಿಣದ ಉಟಣೆಯನ್ನು ಸ್ವಲ್ಪ ಹಚ್ಚಿ ನೋಡಿದ್ದಕ್ಕೇ ಹುಡುಗಿಯ ಕೊರಳು ಉಬ್ಬಿತ್ತು.

"ಅತ್ತರಿನವರ ಮನ್ಯಾಗ ಮದುಮಗಳಿಗೆ ಅತ್ತರ ಇಲ್ಲಂದ್ರ ಬೀಗರು ಏನಂದಾರು ಗುತ್ತೆವ್ವಾ?"

"ಮೂಸಾವ್ರು ಬೀಗರು, ಅವರಿಗೆ ಕೊಡಾ ತುಂಬಿ ಹೊಡೀರಿ. ತುರಿಸ್ಕೊಳ್ಳಾಕಿ ನಿಮ್ಮ ಮಗಳು, ಆಕಿನ್ನ ಬಿಡ್ರಿ ಅಕ್ಕಾರ!"

ಹಾಜರಾಬಿ ಅಳುವುದನ್ನು ಬಿಟ್ಟು ನಕ್ಕಳು. ಗುಡ್ಡಪ್ಪ ಮಾತ್ರ ಹೆಂಡತಿಯನ್ನು ಒಳಗೆ ಕರೆದು, "ಮಂದಿ ಮಗಳ ಮಾರಿ ಅದು. ಹೆಚ್ಚುಕಡಿಮಿ ಆತಂದ್ರ ನಾಲ್ಕೂ ಸಂತ್ಯಾಗ ನಮಗ ತಾಡಪತ್ರಿ ಹಾಸಗೊಡೂದಿಲ್ಲ, ನೆನಪಿಟಗೋ" ಎಂದ. ಗುತ್ತೆವ್ವನಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಅವಸರ ಮಾಡಲಿಲ್ಲ. ಕಡಲೆಹಿಟ್ಟು, ಬರಿಯ ಅರಿಷಿಣ, ಎಣ್ಣೆ, ಪೌಡರು ಒಂದೊಂದನ್ನೂ ಹುಡುಗಿಯ ಮೊಣಕೈಗೆ ಹಚ್ಚಿ, ಕಾದು, ನೋಡಿ, ಆಮೇಲೆ ಹೂಂ ಎಂದಳು.

ಮದುವೆಯ ದಿನ ಬಂದಿತು. ಅಖ್ತರುನ್ನೀಸಾಳ ಮುಖ ತೊಳೆದ ಮುತ್ತಿನಂತಿತ್ತು. ಅಷ್ಟರಲ್ಲಿ ಹುಡುಗಿಯ ಸೋದರತ್ತೆ ಸಂಭ್ರಮದಿಂದ ಗುಲಾಬಿ ನೀರು ತುಂಬಿದ ಗುಲಾಬದಾನಿ ಹಿಡಿದು ಬಂದು, "ಮದುಮಗಳ ಮ್ಯಾಲ ಒಂದ ಹನಿ ಪನ್ನೀರ ಬೀಳಲಿಲ್ಲಂದ್ರ ಹೆಂಗ?" ಎನ್ನುತ್ತ ಕೈಯೆತ್ತಿಯೇಬಿಟ್ಟಳು. ಮಾತಿಗೆ ಹೊತ್ತಿರಲಿಲ್ಲ. ಗುತ್ತೆವ್ವ ಥಟ್ಟನೆ ನಡುವೆ ನುಗ್ಗಿ ತನ್ನ ಮುಖವನ್ನೇ ಅಡ್ಡ ಒಡ್ಡಿದಳು. ಪನ್ನೀರೆಲ್ಲ ಅವಳ ಎಡಗೆನ್ನೆಗೆ ಬಿತ್ತು.

"ಇದೇನಿದು, ಶುಭದಾಗ ಅಡ್ಡ ಬರೂದು!" ಎಂದು ಸೋದರತ್ತೆ ಸಿಡುಕಿದಳು. ಆದರೆ ನಿಕಾಹ್ ಮುಗಿದು ಊಟಕ್ಕೆ ಕೂಡುವ ಹೊತ್ತಿಗೆ ಗುತ್ತೆವ್ವನ ಎಡಗೆನ್ನೆ ಕೆಂಪಾಗಿ ಉಬ್ಬಿತ್ತು. ಬಲಗೆನ್ನೆ ಎಂದಿನಂತೆಯೇ ಇತ್ತು. ಹೆಂಗಸರು ಒಮ್ಮೆ ಅವಳ ಎಡಗೆನ್ನೆಯನ್ನು, ಒಮ್ಮೆ ಬಲಗೆನ್ನೆಯನ್ನು, ಆಮೇಲೆ ಮದುಮಗಳ ಮುಖವನ್ನು ನೋಡಿದರು. ಸೋದರತ್ತೆಯೇ ಅವಳ ಕೈ ಹಿಡಿದು, "ಈ ಮಾರಿ ನಮ್ಮ ಹುಡುಗೀದ ಆಗತಿತ್ತಲ್ಲ, ಯಾ ಅಲ್ಲಾ!" ಎಂದು ತನ್ನ ಪಕ್ಕದಲ್ಲಿಯೇ ಊಟಕ್ಕೆ ಕೂಡಿಸಿಕೊಂಡಳು.

ಮುಂದೆ ಹಾನಗಲ್ಲ ಸಂತೆ. "ಮಾರಿ ಇನ್ನೂ ಕೆಂಪ ಐತಿ, ಈ ವಾರ ಮನ್ಯಾಗಿರು" ಎಂದ ಗುಡ್ಡಪ್ಪ. "ಕೆಂಪ ಇದ್ದಾಗನ ಬರಬೇಕ್ರಿ" ಎಂದು ಅವಳು ಬಸ್ಸು ಹತ್ತಿದಳು. ಮದುವೆಗೆ ಬಂದಿದ್ದವರ ಬಾಯಿಂದ ಸುದ್ದಿ ಅವರಿಗಿಂತ ಮೊದಲೇ ಹಾನಗಲ್ಲು ಮುಟ್ಟಿತ್ತು. ಟ್ರಂಕು ಬಿಚ್ಚುವಷ್ಟರಲ್ಲಿ ಹೆಂಗಸರು ಮುತ್ತಿಕೊಂಡರು. ಒಬ್ಬಳಿಗೆ ಕೂಸಿನ ಮೈಗೆ ಬೇಕು, ಒಬ್ಬಳಿಗೆ ಕೊರಳ ತುರಿಕೆ, ಇನ್ನೊಬ್ಬಳು ಯಾರಿಗೂ ತೋರಿಸದ ಕೈಯನ್ನು ಸೆರಗಿನ ಮರೆಯಿಂದ ಹೊರತೆಗೆದಳು.

ಗುಡ್ಡಪ್ಪ ಡಬ್ಬಿ ಹಿಡಿದು, "ಬರ್ರಿ, ನಾ ಕೊಡ್ತೇನಿ" ಎಂದ.

"ನೀವ ಸರೀರಿ ಅತ್ತಾಗ" ಎಂದಳೊಬ್ಬ ಮುದುಕಿ. "ಗಂಡಸರಿಗೇನ ತಿಳೀತೈತಿ ತುರಿಕಿ ಸುದ್ದಿ? ಆ ಕೆಂಪ ಗಲ್ಲದಾಕಿನ್ನ ಮುಂದ ಕುಂದ್ರಸ್ರಿ."

ಗುಡ್ಡಪ್ಪ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ನಗುತ್ತ ಎದ್ದು ಟ್ರಂಕುಗಳ ಹಿಂದಕ್ಕೆ ಹೋದ. ಗುತ್ತೆವ್ವ ತಾಡಪತ್ರಿಯ ಮುಂದಿನ ಅಂಚಿಗೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಂತೆಗೆ ಸಂತೆಯೇ ಕೇಳುವಂತೆ ಕೂಗಿದಳು: "ಬರ್ರವ್ವಾ ಬರ್ರಿ! ವಾಸನಿ ಇಲ್ಲ, ತುರಿಕಿ ಇಲ್ಲ! ಮೊದಲ ಹಚ್ಚಿ ನೋಡ್ರಿ, ಮುಂದಿನ ಸಂತಿಗೆ ಬಂದು ಕೊಳ್ರಿ!"